ಚಂದ್ರಿಕೆಯಲ್ಲಿ ಖಾಲಿ ಬಿಟ್ಟ ಜಾಗ

ನೈಟ್ರಿಕ್ ಆಸಿಡ್ ತಾಗಿ ಅವರ ಬಲಗೈಯ ಎರಡು ಬೆರಳು ಸದಾ ಹಳದಿಯಾಗಿರುತ್ತಿದ್ದವು. ಆ ಕೈಯಲ್ಲೇ ಉಪ್ಪಿಟ್ಟು ತಿನ್ನುವುದನ್ನು ಕಂಡು ನಾನು ಮುಖ ಸಿಂಡರಿಸುತ್ತಿದ್ದೆ. ಐವತ್ತರ ದಶಕದ ಕೊನೆಯಲ್ಲಿ ನಾನು ಬಿ.ಎಸ್ಸಿ. ಮುಗಿಸಿ ಶಿಡ್ಲಘಟ್ಟದ ಹೈಸ್ಕೂಲಿಗೆ ಸೇರಿದಾಗ ಅವರು ಅಲ್ಲಿನ ಹಿರಿಯ ವಿಜ್ಞಾನದ ಮೇಷ್ಟ್ರು. ನನಗೋ, ತಲೆ ಮೇಲೆ ಎರಡು ಕೊಂಬು.

ಮೂಲವಸ್ತುಗಳ ಪಟ್ಟಿ ಕಲಿಸಲು ಅವರು ಗೋಡೆಗೆ ಹಳೆಯ ಚಂದ್ರಿಕೆಯೊಂದನ್ನು ತೂಗುಹಾಕಿದ್ದರು. ರೇಷ್ಮೆಹುಳು ಗೂಡು ಕಟ್ಟಲು ಬಿಡುವ, ಸುರುಳಿ ಸುತ್ತಿದ ಬಿದಿರಿನ ತಟ್ಟೆ ಅದು. ಸುರುಳಿಯುದ್ದಕ್ಕೂ ಪರಮಾಣು ತೂಕದ ಸರದಿಯಲ್ಲಿ ರಟ್ಟಿನ ಚೀಟಿಗಳು. ಒಂದೇ ಗುಣದವು ಪ್ರತಿ ಸುತ್ತಿನಲ್ಲೂ ಒಂದೇ ಸಾಲಿಗೆ ಬಂದು ಕೂರುತ್ತಿದ್ದವು.

"ಮೊದ್ಲು ಒಬ್ಬ ಮೂರ್ಮೂರು ಗುಂಪು ಮಾಡ್ದ. ಇನ್ನೊಬ್ಬ, ಸರಿಗಮದ ಹಂಗೆ ಎಂಟನೇದು ಮತ್ತೆ ಮೊದಲ್ನೇದರ ಥರಾನೇ ಅಂದ, ಎಲ್ರೂ ನಕ್ರು. ಆಮೇಲೆ ರಷ್ಯಾದ ಮೇಷ್ಟ್ರು ಬಂದ ನೋಡ್ರಪ್ಪ, ಗೊತ್ತಿಲ್ದೇ ಇರೋದಕ್ಕೆ ಜಾಗ ಬಿಟ್ಟ!" ಎನ್ನುತ್ತಿದ್ದರು. ಚಂದ್ರಿಕೆಯಲ್ಲೂ ಮೂರು ಜಾಗ ಖಾಲಿಯಿದ್ದವು.

ಇನ್‌ಸ್ಪೆಕ್ಟರು ತಪಾಸಣೆಗೆ ಬಂದ ದಿನ, ತುಂಬಿದ ತರಗತಿಯಲ್ಲಿ, ಯಾರೂ ಕೇಳದೆಯೇ ನಾನು ಬಾಯಿ ಹಾಕಿದೆ. "ಸಾರ್, ಆ ಖಾಲಿ ಜಾಗದ ಮೂರೂ ಮೂಲವಸ್ತು ಸಿಕ್ಕಿ ಎಷ್ಟೋ ಕಾಲ ಆಯ್ತು. ಇವರಿಗೆ ಗೊತ್ತೇ ಇಲ್ಲ."

ಹಿರಿಯ ಮೇಷ್ಟ್ರು ಕೋಟಿನ ಜೇಬಿಗೆ ಕೈ ಹಾಕಿದರು. ಒಮ್ಮೆ ನನ್ನನ್ನು ನೋಡಿ ಬರಿಗೈ ಹೊರತೆಗೆದರು. "ಹೊಸ ಮೇಷ್ಟ್ರು ಹೇಳಿದ್ದು ಸರಿ ಸ್ವಾಮಿ," ಎಂದರು. ಇನ್‌ಸ್ಪೆಕ್ಟರ ಮಾತಿನ ಮೇಲೆ ವಿಜ್ಞಾನದ ಪಾಠ ನನ್ನದಾಯಿತು. ಅವರಿಗೆ ಕಾಪಿ ಬರವಣಿಗೆ ತಿದ್ದುವ ಕೆಲಸ ಉಳಿಯಿತು.

ಮರುವಾರ ಚಂದ್ರಿಕೆಯ ಜೊತೆ, ಅದೇ ಜೇಬಿನಿಂದ ತೆಗೆದ ಮೂರು ಚೀಟಿಗಳನ್ನೂ ನನ್ನ ಕೈಗಿತ್ತರು. ಸ್ಕ್ಯಾಂಡಿಯಂ, ಗ್ಯಾಲಿಯಂ, ಜರ್ಮೇನಿಯಂ. ವರ್ಷಗಟ್ಟಲೆ ಬಳಸಿ ಅಂಚು ಸವೆದಿತ್ತು.

"ಅಕ್ಕಪಕ್ಕದವನ್ನ ನೋಡಿ, ಇಲ್ಲಿ ಬರೋದರ ತೂಕ ಎಷ್ಟು, ಗುಣ ಎಂಥಾದ್ದು ಅಂತ ಮಕ್ಳೇ ಹೇಳ್ಬೇಕು. ಹೇಳಿದ್ಮೇಲೆ ಸಿಕ್ಕಿಸು. ಮುಂಚೆ ಬೇಡ ಕಣಪ್ಪ."

"ಅವತ್ತೇ ಯಾಕೆ ತೋರಿಸ್ಲಿಲ್ಲ ಸಾರ್?"

"ಮಕ್ಳ ಎದುರಿಗೆ ನಿನ್ನ ಮಾತು ಬಿದ್ದೋಗ್ತಿತ್ತು. ನನಗಿನ್ನೆರಡು ವರ್ಷ ಸರ್ವೀಸು. ನೀನು ಜೀವಮಾನವೆಲ್ಲ ಅವರ ಮುಂದೆ ನಿಂತ್ಕೋಬೇಕಲ್ಲಪ್ಪ."

ಅಂದೇ ಹೆಡ್‌ಮಾಸ್ಟರ ಬಳಿ ಹೋಗಿ ತಪ್ಪೊಪ್ಪಿಕೊಳ್ಳಬೇಕಿತ್ತು. ನಾಳೆ ಹೇಳೋಣ ಎಂದುಕೊಂಡೆ. ನಾನು ನಾಳೆ ನಾಳೆ ಎನ್ನುತ್ತಿರುವಾಗಲೇ ಅವರು ನಿವೃತ್ತರಾಗಿ ತಮ್ಮೂರು ದಿಬ್ಬೂರಹಳ್ಳಿಗೆ ಹೊರಟುಹೋದರು. ಅವರ ಪಾಠವನ್ನು ಅವರ ರೀತಿಯಲ್ಲೇ ಮಾಡಿ ಒಳ್ಳೆಯ ಮೇಷ್ಟ್ರು ಎನಿಸಿಕೊಂಡೆ. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಕೇಳಿ ಹೋದೆ. ಅವರ ಹೆಂಡತಿ ನೀರು ತಂದುಕೊಟ್ಟು ಎದುರು ಕೂತರು.

"ನಿಮ್ಮನ್ನ ಭಾಳ ಹೊಗಳೋರು. ಅಲ್ಲಪ್ಪ, ಇವರಿಗೆ ಪಾಠ ಸರಿಯಾಗಿ ಬರ್ತಿರ್ಲಿಲ್ಲ ಅಂತ ತೆಗೆದ್ರಂತಲ್ಲ, ನಿಜವಾ? ನಾನು ಕೇಳಿದ್ರೆ ಸುಮ್ನೆ ನಗೋರು."

ಕೊಟ್ಟ ನೀರು ಕುಡಿದು ಎದ್ದು ಬಂದೆ.