ಅವ್ವ ಕೂತು ಉಂಡ ಭಾನುವಾರಗಳು

ಅವ್ವನ ಬಲಗೈ ಬೆರಳುಗಳಿಗೆ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ಕಾದ ಹಂಚಿನ ಮೇಲೆ ರೊಟ್ಟಿ ತಿರುವಿ ತಿರುವಿ ತುದಿಗಳು ನುಣ್ಣಗಾಗಿದ್ದವು. ರೇಷನ್ ಅಂಗಡಿಯ ಯಂತ್ರ ಆ ಬೆರಳುಗಳನ್ನು ಒಪ್ಪುತ್ತಿರಲಿಲ್ಲ. "ನಾ ಇಲ್ಲೇ ನಿಂತೀನಿ, ಇದು ಇಲ್ಲ ಅಂತೈತಿ" ಎಂದು ನಗುತ್ತ ಎಡಗೈ ಚಾಚುತ್ತಿದ್ದರು.

ಶಿಕಾರಿಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಖಾನಾವಳಿ. ಊರಿಗೆಲ್ಲ ಅವರು ಅವ್ವ. ನಾನು ಸೊರಬದವನು, ಅನ್ನ ಸಾರಿನ ಮನುಷ್ಯ. ಇಲ್ಲಿನ ಕಾಲೇಜಿಗೆ ಮೇಷ್ಟರಾಗಿ ಬಂದ ಮೇಲೆ ರೊಟ್ಟಿ ಮುರಿಯುವುದನ್ನು ಕಲಿಸಿದವರು ಅವರೇ. ನನ್ನದು ಒಂಟಿ ಜೀವ, ಹನ್ನೊಂದು ವರ್ಷ ಎರಡು ಹೊತ್ತೂ ಊಟ ಅಲ್ಲೇ. ಕಿಟಕಿ ಪಕ್ಕದ ಜಾಗ ನನ್ನದು. ಬೆಣ್ಣೆ ಬೇಕೆಂದರೆ ಬೇರೆಯವರು ಕೇಳಿ ಹಾಕಿಸಿಕೊಳ್ಳಬೇಕು. ನನ್ನ ಎರಡನೇ ರೊಟ್ಟಿಯ ಮೇಲೆ ಮಾತ್ರ ಕೇಳದೆಯೇ ಬೆಣ್ಣೆ ಬೀಳುತ್ತಿತ್ತು. ನಾಲ್ಕು ಜನ ನೋಡಲಿ ಎಂದು ನಾನು ಅದನ್ನು ನಿಧಾನವಾಗಿ ತಿನ್ನುತ್ತಿದ್ದೆ.

ಎಲ್ಲ ಕೆಡಿಸಿಕೊಂಡವನೂ ನಾನೇ. ಶಿವಮೊಗ್ಗದಲ್ಲಿ ಓದುತ್ತಿದ್ದ ತಾಂಜಾನಿಯಾ, ಮಲಾವಿ ದೇಶಗಳ ಏಳು ಮಂದಿ ಸೇರಿ ಕುಣಿತದ ತಂಡ ಕಟ್ಟಿದ್ದರು. ಅವರ ಡೋಲಿನ ಸದ್ದಿಗೆ ಬಾಡಿಗೆ ಮನೆಯ ಅಕ್ಕಪಕ್ಕದವರು ತಕರಾರು ತೆಗೆದಿದ್ದರು. ನಮ್ಮ ಕಾಲೇಜಿನ ಸಾಂಸ್ಕೃತಿಕ ಸಮಿತಿ ನನ್ನ ಕೈಯಲ್ಲಿತ್ತು. ಭಾನುವಾರಗಳಂದು ನಮ್ಮ ಸಭಾಂಗಣದಲ್ಲಿ ಅಭ್ಯಾಸ ಮಾಡಲಿ, ನಮ್ಮ ವಿದ್ಯಾರ್ಥಿಗಳಿಗೂ ನಾಲ್ಕು ಹೆಜ್ಜೆ ಕಲಿಸಲಿ ಎಂದು ಪ್ರಾಂಶುಪಾಲರನ್ನು ಒಪ್ಪಿಸಿದೆ. ಊರಿನವರೂ ಕೈ ಜೋಡಿಸಿದರು. ಬಟ್ಟೆ ಅಂಗಡಿಯವರು ಉಡುಪಿಗೆ ಬಟ್ಟೆ ಕೊಟ್ಟರು, ಇನ್ನೊಬ್ಬರು ವ್ಯಾನು ಕಳಿಸಿದರು. ಊಟ ಅವ್ವನದು.

ಎರಡನೇ ವಾರಕ್ಕೇ ಅವ್ವ ಮೆಕ್ಕೆಜೋಳ ಹೊತ್ತುಕೊಂಡು ಗಿರಣಿಗೆ ಹೋದರು. ಆ ಮಕ್ಕಳ ಊರಲ್ಲಿ ಅದರ ಮುದ್ದೆಯೇ ಊಟವಂತೆ. ನಮ್ಮಲ್ಲಿ ಮೆಕ್ಕೆಜೋಳ ಬೆಳೆದು ಲಾರಿಗೆ ಹಾಕುತ್ತಾರೆ, ಹಿಟ್ಟು ಮಾಡಿ ಉಣ್ಣುವವರಿಲ್ಲ. ಗಿರಣಿಯವನು ದನಕ್ಕೆಂದುಕೊಂಡು ದಪ್ಪಗೆ ಬೀಸಿಬಿಟ್ಟ. "ನನ್ನ ಮಕ್ಕಳಿಗಪ್ಪ ಇದು, ಸಣ್ಣಗ ಬೀಸು" ಎಂದು ಮತ್ತೆ ಹಾಕಿಸಿದರಂತೆ. ಎರಡು ವಾರಕ್ಕೆ ಅವರು ಮಕ್ಕಳು. ಹನ್ನೊಂದು ವರ್ಷ ಕಳೆದರೂ ನಾನು 'ಸರ'.

ಆ ಏಳು ಮಂದಿ ಒಂದೇ ದೊಡ್ಡ ತಾಟಿನಲ್ಲಿ ಮುದ್ದೆ ಇಟ್ಟುಕೊಂಡು ಸುತ್ತ ಕೂತು ಉಣ್ಣುತ್ತಿದ್ದರು. ಡೋಲು ಬಾರಿಸುವ ಹುಡುಗಿ ಅವ್ವನ ಸೆರಗು ಹಿಡಿದೆಳೆದು, "ಅವ್ವ, ಕೂಡು" ಎನ್ನುವಳು. ಅವ್ವ ಕೂತೇಬಿಡುತ್ತಿದ್ದರು. ನನ್ನ ತಟ್ಟೆ ಖಾಲಿಯಾಗಿದ್ದು ಅವರಿಗೆ ಕಾಣುತ್ತಿರಲಿಲ್ಲ, ಬೆಣ್ಣೆಯ ಸುದ್ದಿಯೇ ಇಲ್ಲ. ಊಟ ಮುಗಿದ ಮೇಲೆ ಖಾನಾವಳಿಗೆ ಬೀಗ ಹಾಕಿ ಕುಣಿತ ನೋಡಲು ಹೊರಡುವರು. ಹಬ್ಬಕ್ಕೂ ಹಾಕದ ಬೀಗ. ನನಗೆ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ.

ಒಂದು ಶನಿವಾರ ಆ ಹುಡುಗಿಗೆ ಮೆಸೇಜು ಹಾಕಿದೆ: ಪರೀಕ್ಷೆ ಇದೆ, ಇನ್ನು ಸಭಾಂಗಣ ಸಿಗುವುದಿಲ್ಲ. ಅವ್ವನಿಗೆ ತಿಳಿಸಲಿಲ್ಲ. ಮರುದಿನ ಒಳ್ಳೆ ಹಸಿವಿನಿಂದ ಹೋಗಿ ನನ್ನ ಜಾಗದಲ್ಲಿ ಕೂತೆ. ಮುದ್ದೆ ಪಾತ್ರೆ ಒಲೆಯ ಪಕ್ಕ ಬಿಸಿಯಾಗಿ ಕಾಯುತ್ತಿತ್ತು. ಒಂದು ಗಂಟೆಯಾಯಿತು, ಎರಡಾಯಿತು. ಬಾಗಿಲಿಗೆ ಹೋಗಿ ಬಂದು ಸುಸ್ತಾದ ಅವ್ವ ಫೋನ್ ಮಾಡಿದರು. ಹುಡುಗಿಯ ಅರೆಬರೆ ಕನ್ನಡ ನನ್ನವರೆಗೂ ಕೇಳಿಸಿತು. ಅವ್ವ ಫೋನ್ ಇಟ್ಟು ನನ್ನೆದುರು ಬಂದು ನಿಂತರು.

"ಐತವಾರ ಯಾವ ಪರೀಕ್ಷಾ ಇರ್ತೈತ್ರೀ ಸರ?"

"ನೀವು ಅವರನ್ನೇ ಹಚ್ಕೊಂಡ್ ಬಿಟ್ರಿ ಅವ್ವಾ. ನಾನು ಎಂಥ, ಲೆಕ್ಕಕ್ಕೇ ಇಲ್ವಾ?" ಎಂದೆ. ನಲವತ್ತಾರು ವರ್ಷದವನ ಮಾತು ಇದು.

"ಅವ್ರು ಬಂದ ಮೊದಲ್ನೇ ದಿನಾನ, ನೀ ಉಂಡ್ಯಾ ಅಂತ ಕೇಳಿದ್ರು. ನೀವು ಹನ್ನೊಂದು ವರ್ಷ ಉಂಡೀರಿ. ಒಮ್ಮೆರ ಕೇಳೀರೇನ್ರೀ?"

ಸಿಟ್ಟಿರಲಿಲ್ಲ. ಉಪ್ಪು ಬೇಕೇನು ಎಂದು ಕೇಳುವ ದನಿಯೇ. ಆಮೇಲೆ ನನ್ನ ರೊಟ್ಟಿಗೆ ಬೆಣ್ಣೆ ಹಾಕಿ ಒಳಗೆ ಹೋದರು. ತಟ್ಟೆ ಪಕ್ಕಕ್ಕೆ ಸರಿಸಿದೆ.

ಅಲ್ಲೇ ಕೂತು ಹುಡುಗಿಗೆ ಫೋನ್ ಮಾಡಿ, ನಾನು ಸುಳ್ಳು ಹೇಳಿದ್ದೆ ಎಂದೆ. ಮುಂದಿನ ಭಾನುವಾರ ಏಳೂ ಜನ ಬಂದರು. ಸೋಮವಾರ ಧೈರ್ಯ ಮಾಡಿ, "ಅವ್ವಾ, ಊಟ ಆಯ್ತಾ? ಬನ್ನಿ, ಕೂರಿ" ಎಂದೆ. "ನೀವು ಉಣ್ರಿ ಸರ, ನಂದು ಆಮ್ಯಾಲೆ" ಎಂದರು. ಅಂದಿನಿಂದ ದಿನಾ ಕೇಳಿದೆ, ದಿನಾ ಅದೇ ಉತ್ತರ. ನನ್ನ ಜೊತೆ ಅವರು ಕೂರಲೇ ಇಲ್ಲ.

ಕಳೆದ ಚಳಿಗಾಲದಲ್ಲಿ ಅವ್ವ ತೀರಿಕೊಂಡರು. ಶಿವಮೊಗ್ಗದಿಂದ ತಂಡ ಬಂತು. ಮನೆಯವರು ಅವರನ್ನು ಒಳಗೆ ಕರೆದು, ಅವ್ವನ ತಲೆಯ ಹತ್ತಿರವೇ ಕೂರಿಸಿಕೊಂಡರು. ಅಲ್ಲೂ ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಹೊಸ್ತಿಲ ಹೊರಗೆ ನಿಂತಿದ್ದ ನನ್ನನ್ನು ಅವ್ವನ ಮಗಳು ಗುರುತು ಹಿಡಿಯಲು ನೋಡಿದಳು.

"ನೀವು ಅವ್ವನ ಗಿರಾಕಿ ಅಲ್ಲೇನ್ರೀ?"

ಹೌದು ಎಂದೆ.