ಮೂಕಂಡಪಲ್ಲಿಯ ರಾಟೆ ಪಂಡಿತರು

ಮೊದಲನೇ ಶಿಫ್ಟು ಬಿಟ್ಟು ನಾನು ಬರುವ ಹೊತ್ತಿಗೆ ಮೂಕಂಡಪಲ್ಲಿಯ ಟೀ ಅಂಗಡಿಯಲ್ಲಿ ಮೂವರು ಪಂಡಿತರು ಬೆಂಚು ಹಿಡಿದಿರುತ್ತಿದ್ದರು. ವೇದ ಓದಿದವರಲ್ಲ, ರಾಟೆ ಓದಿದವರು. ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಹೊಸೂರಿನ ಹೆದ್ದಾರಿ ಪಕ್ಕದ ಬಯಲಿಗೆ ಎಗ್ಜಿಬಿಷನ್ನು ಬರುತ್ತಿತ್ತು. ಗೋಡೆಯ ತಮಿಳು ಪೋಸ್ಟರಿನಲ್ಲಿ ಅದು ಪೊರುಟ್ಕಾಟ್ಚಿ, ನಮ್ಮ ಬಾಯಲ್ಲಿ ಎಗ್ಜಿಬಿಷನ್ನು. ಅದರಲ್ಲಿ ಜನರನ್ನು ಕೂರಿಸಿ ತಿರುಗಿಸುವ ದೊಡ್ಡ ರಾಟೆ, ಕುರ್ಚಿ ರಾಟೆ, ದೋಣಿ ಉಯ್ಯಾಲೆಗಳ ಬಗ್ಗೆ ಇವರು ವರ್ಷದ ಉಳಿದ ದಿನಗಳಲ್ಲೆಲ್ಲ ಚರ್ಚೆ ಮಾಡುತ್ತಿದ್ದರು. ಹೊತ್ತು ಹೋಗದ ಜನಕ್ಕೆ ಏನಾದರೊಂದು ಬೇಕಲ್ಲ ಎಂದು ನಾನು ಮೂಗು ಮುರಿಯುತ್ತಿದ್ದೆ.

ಮೂವರಲ್ಲಿ ದೊಡ್ಡವನು ನಮ್ಮ ಕಾರ್ಖಾನೆಯ ಟರ್ನರ್. ಲೇತಿನಲ್ಲಿ ಕಬ್ಬಿಣ ತಿರುಗಿಸುವವನಿಗೆ ಮನುಷ್ಯರನ್ನು ತಿರುಗಿಸುವ ವಿಚಾರದಲ್ಲೂ ಕೊನೆಯ ಮಾತು ತನ್ನದೇ ಎಂಬ ಹಮ್ಮು. ಅವನು ಒಂದು ಮಾಪನ ಕಂಡುಹಿಡಿದಿದ್ದ. ರಾಟೆ ಮೇಲಿನಿಂದ ಇಳಿಯುವಾಗ ಹೊಟ್ಟೆ ಎಲ್ಲಿಯವರೆಗೆ ಬಂತು ಎಂಬುದೇ ಆ ಮಾಪನ. ಎದೆಗೆ ಬಂದರೆ ಮಕ್ಕಳ ರಾಟೆ, ಗಂಟಲಿಗೆ ಬಂದರೆ ಸುಮಾರು, ಬಾಯಿಗೆ ಬಂದರೆ ಮಾತ್ರ ರಾಟೆ. ಎರಡನೆಯವನು ಫಿಟ್ಟರ್. ಜನ ಮೇಲೆ ಕೂತು ಕಿರುಚುತ್ತಿದ್ದರೆ ಇವನು ಕಣ್ಣು ಮುಚ್ಚಿಕೊಂಡು ಬೇರಿಂಗಿನ ಸದ್ದು ಕೇಳುತ್ತಿದ್ದನಂತೆ. ಮೂರನೆಯವನು ಅವಲಪಲ್ಲಿಯ ರೈತ, ಟೀ ಅಂಗಡಿಗೆ ಹಾಲು ಹಾಕಲು ಬರುತ್ತಿದ್ದ. ಹಾಲು ಹಾಕಿ ಎಮ್ಮೆ ಮರೆತು ಕೂರುತ್ತಿದ್ದ.

"ಇಡ್ಲಿ ತಿಂದು ಹತ್ತೋದು ಒಂದು ಹತ್ತೋದೇನ್ಲಾ? ಮುದ್ದೆ ಉಂಡು ಹತ್ತಬೇಕು ಕಣ್ಲಾ, ಆವಾಗ ಗೊತ್ತಾಯ್ತದೆ ರಾಟೆ ಬಂಡವಾಳ!" ಎನ್ನುತ್ತಿದ್ದ ಈ ರೈತ. ಅವನು ಎರಡು ಮುದ್ದೆ ಉಂಡೇ ಹತ್ತುತ್ತಿದ್ದ. ಒಂದು ಸಲ ಕೆಳಗಿದ್ದ ಬಳೆ ಅಂಗಡಿಯವಳು ಅದರ ಫಲವನ್ನು ತಲೆ ಮೇಲೆ ಹೊತ್ತು ಇವನನ್ನು ತೆಲುಗಿನಲ್ಲಿ ಬೈದಳು. ಅದನ್ನೂ ಅವನು ಹೆಮ್ಮೆಯಿಂದಲೇ ಹೇಳುತ್ತಿದ್ದ.

ನಾನು ಇವರ ಪಕ್ಕದ ಬೆಂಚಿನಲ್ಲಿ ಕೂತು ಟೀ ಕುಡಿಯುತ್ತ ನಗುತ್ತಿದ್ದೆ. "ನೀನು ಯಾಕ್ಲಾ ಒಂದ್ಸತೀನೂ ಹತ್ತಲ್ಲ?" ಎಂದು ಟರ್ನರ್ ಕೇಳಿದರೆ, "ಕೆಲ್ಸ ಇಲ್ದೋರು ಹತ್ತೋದು ಅದು" ಎನ್ನುತ್ತಿದ್ದೆ. ನಿಜ ಹೇಳುತ್ತೇನೆ, ನನಗೆ ಭಯ. ಬಾವಿಕಟ್ಟೆಯಿಂದ ಬಗ್ಗಿ ನೋಡಿದರೂ ಅಂಗಾಲು ಜುಮ್ಮೆನ್ನುತ್ತಿತ್ತು. ಹೆದರಿಕೆ ಅಂತ ಒಪ್ಪಿಕೊಳ್ಳುವುದಕ್ಕಿಂತ ತಾತ್ಸಾರ ಮಾಡುವುದು ಸುಲಭ, ಮರ್ಯಾದೆಯೂ ಉಳಿಯುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳವು. ಮೂಕಂಡಪಲ್ಲಿ ಸುತ್ತಮುತ್ತ ದಿನಕ್ಕೊಂದು ಕಡೆ ನೆಲ ಅಗೆಯುತ್ತಿದ್ದರು. ಟೀ ಅಂಗಡಿಯ ಹಿಂದೆ ಹುರುಳಿ ಬೆಳೆಯುತ್ತಿದ್ದ ದಿಬ್ಬವನ್ನು ಸಮ ಮಾಡಿ, ಒಂದು ದಿನ ದುಂಡಗೆ ಎಂಟು ಗುಂಡಿ ತೆಗೆದರು. ನಡುವೆ ಇನ್ನೊಂದು. ಪಂಡಿತರ ಕಿವಿ ನೆಟ್ಟಗಾಯಿತು. ಟರ್ನರ್ ಕಾರ್ಖಾನೆಯಿಂದ ಸ್ಟೀಲ್ ಟೇಪು ಅಂಗಿಯೊಳಗೆ ಸಿಕ್ಕಿಸಿಕೊಂಡು ತಂದ. ಫಿಟ್ಟರ್ ಒಂದು ತುದಿ ಹಿಡಿದ, ರೈತ ಗುಂಡಿಗೆ ಇಳಿದ. ಗುಂಡಿಯಿಂದ ಗುಂಡಿಗೆ, ಅಂಚಿನಿಂದ ನಡುವಿಗೆ ಅಳೆದದ್ದೇ ಅಳೆದದ್ದು. ಆಮೇಲೆ ಬೀಡಿ ಕಟ್ಟಿನ ಕಾಗದದ ಮೇಲೆ ನಕ್ಷೆ ಬರೆದು, ಇದು ನಿಂತಿರುವ ರಾಟೆಯಲ್ಲ, ಮಲಗಿ ತಿರುಗುವ ರಾಟೆ, ಇಷ್ಟು ದೊಡ್ಡದು ಮದರಾಸಿನಲ್ಲೂ ಇಲ್ಲ ಎಂದು ತೀರ್ಪು ಕೊಟ್ಟರು.

"ಪರ್ಮನೆಂಟು ಕಣ್ರಲಾ! ವರ್ಸಕ್ಕೊಂದ್ಸತಿ ಬಂದು ಹೋಗೋ ಡಕೋಟ ಅಲ್ಲ. ಬೆಳಿಗ್ಗೆ ಶಿಫ್ಟು, ಸಾಯಂಕಾಲ ರಾಟೆ!" ಎಂದ ಟರ್ನರ್.

"ಯಾರನ್ನಾದ್ರೂ ಕೇಳಿದ್ರಾ?" ಎಂದೆ.

ಕೇಳಿದ್ದರಂತೆ. ಕಾವಲುಗಾರ ತಮಿಳಿನವನು, "ಪೆರಿಯ ಎಡತ್ತು ವೇಲೈ" ಅಂದನಂತೆ. ದೊಡ್ಡವರ ಕೆಲಸ, ನನಗೇನು ಗೊತ್ತು ಎಂದು ಅವನು ಕೈತೊಳೆದುಕೊಂಡದ್ದು ಇವರಿಗೆ ಸಾಕ್ಷಿಯಾಯಿತು. ನಮ್ಮ ಕಾರ್ಖಾನೆ ಜನರ ಬುದ್ಧಿಯೇ ಇಷ್ಟು. ಅಳತೆ ಸಿಕ್ಕಿತೋ, ಅದು ಏನು ಎಂಬುದೂ ಸಿಕ್ಕಿತು ಅಂದುಕೊಳ್ಳುತ್ತಾರೆ. ಒಂದು ತಿಂಗಳ ಕಾಲ ಆ ರಾಟೆ ಎಷ್ಟು ಸುತ್ತು ತಿರುಗುತ್ತದೆ, ಹೊಟ್ಟೆ ಎಲ್ಲಿಗೆ ಬರುತ್ತದೆ, ಹೆಂಗಸರಿಗೆ ಬೇರೆ ಸಾಲು ಇರುತ್ತದೋ ಇಲ್ಲವೋ ಎಂಬುದರ ಮೇಲೆ ಜಗಳವೇ ನಡೆಯಿತು. ನಾನು ಅದರಲ್ಲಿ ಒಂದಕ್ಷರವನ್ನೂ ನಂಬಲಿಲ್ಲ.

ಅದೇ ಹೊತ್ತಿಗೆ ಬಯಲಿಗೆ ಆ ವರ್ಷದ ಎಗ್ಜಿಬಿಷನ್ನು ಬಂತು. ನಮ್ಮೂರು ಮತ್ತಿಗಿರಿಯಿಂದ ಅವ್ವನನ್ನು ಕರೆದುಕೊಂಡು ಹೋದೆ. ಪ್ರತಿ ವರ್ಷ ಅವಳು ಒಂದು ಪ್ಲಾಸ್ಟಿಕ್ ಡಬ್ಬ ಕೊಂಡು, ಮೆಣಸಿನಕಾಯಿ ಬೋಂಡ ತಿಂದು, ದೊಡ್ಡ ರಾಟೆಯ ಕೆಳಗೆ ನಿಂತು ಮೇಲೆ ನೋಡುತ್ತಿದ್ದಳು. ಆ ಸಲ ನನ್ನ ತೋಳು ಹಿಡಿದುಕೊಂಡಳು.

"ಮೇಲಿಂದ ನೋಡಿದ್ರೆ ನಮ್ಮ ಹೊಲ ಕಾಣ್ತದಂತೆ. ನಿಜವೇನ್ಲಾ?"

"ಯಾರವ್ವ ಹೇಳಿದ್ದು?"

"ಯಾರೋ ಅಂದ್ರು. ಮದ್ವೆಯಾಗಿ ಬಂದಾಗ್ಲಿಂದ ಆ ಹೊಲ್ದಾಗೆ ಬಗ್ಗೇ ಇದ್ದೀನಿ, ಒಂದ್ಸತಿ ಮೇಲಿಂದ ನೋಡ್ಬೇಕು. ನಿಮ್ಮಪ್ಪ ಹತ್ತಲ್ಲ. ನೀನು ಪಕ್ಕದಾಗೆ ಕೂತ್ಕೋ ಮಗ, ಒಬ್ಳೇ ಅಂದ್ರೆ ದಿಗಿಲು."

ಆಗಲೇ ಮೇಲಿನ ತೊಟ್ಟಿಲಿನಲ್ಲಿ ಟರ್ನರ್ ಎರಡೂ ಕೈ ಬಿಟ್ಟು ಕೂಗುತ್ತಿದ್ದ. ನಾನು ಹತ್ತಿದರೆ, ಅದೂ ಕಂಬಿ ತಬ್ಬಿಕೊಂಡು ಕಣ್ಣು ಮುಚ್ಚಿ ಕೂತದ್ದನ್ನು ಅವನು ಕಂಡರೆ, ನಾಳೆಯಿಂದ ಟೀ ಅಂಗಡಿ ಕಡೆ ತಲೆ ಹಾಕುವ ಹಾಗಿರಲಿಲ್ಲ. ಹೆದರಿಕೆ ಒಂದು ಕಡೆ, ಅವರ ನಗು ಇನ್ನೊಂದು ಕಡೆ. ನಾಲಗೆ ತಾನಾಗಿ ಹೊರಳಿತು.

"ಇದೆಲ್ಲ ಹಳೇ ಡಕೋಟ ಅವ್ವ. ನಮ್ಮ ಮೂಕಂಡಪಲ್ಲಿಯಾಗೇ ಪರ್ಮನೆಂಟಾಗಿ ಕಟ್ತಾವ್ರೆ, ಇದ್ರ ಎರಡರಷ್ಟು ಎತ್ರ. ಗುಂಡಿ ತೆಗ್ದಾಯ್ತು, ನಾನೇ ನೋಡಿದ್ದೀನಿ. ಅದ್ರಾಗೆ ನಿಧಾನವಾಗಿ ಕೂತ್ಕಂಡು ನೋಡುವಂತೆ."

"ಹಂಗೇನು? ಹಂಗಾರೆ ಬಿಡು" ಎಂದಳು ಅವ್ವ. ಮುಖದಲ್ಲಿ ಬೇಸರವೂ ಇರಲಿಲ್ಲ. ಬೀದಿಯ ಹೆಂಗಸರಿಗೆಲ್ಲ, ನನ್ನ ಮಗನ ಕಾರ್ಖಾನೆ ಹತ್ತಿರ ರಾಟೆ ಬರುತ್ತಿದೆ ಎಂದು ಹೇಳಿಕೊಂಡು ಬಂದಳು.

ಎಗ್ಜಿಬಿಷನ್ನು ಗಂಟುಮೂಟೆ ಕಟ್ಟಿತು. ಬೇಸಿಗೆ ಕಳೆಯುವುದರೊಳಗೆ ಆ ಬಯಲಿಗೂ ಕಾಂಪೌಂಡು ಎದ್ದು, ಒಳಗೆ ಶೆಡ್ಡುಗಳು ಬಂದವು. ಹೊಸೂರಿನಲ್ಲಿ ರಾಟೆ ನಿಲ್ಲಿಸಲು ಜಾಗವೇ ಇಲ್ಲದಂತಾಯಿತು, ಎಗ್ಜಿಬಿಷನ್ನು ಮತ್ತೆ ಬರಲಿಲ್ಲ.

ಇತ್ತ ದಿಬ್ಬದ ಮೇಲೆ ಎಂಟು ಕಂಬ ಆಳೆತ್ತರ, ಮನೆಯೆತ್ತರ ದಾಟಿ ಮೇಲೆ ಹೋದವು. ಮಲಗಿ ತಿರುಗುವ ರಾಟೆಗೆ ಇಷ್ಟು ಎತ್ತರ ಯಾಕೆ ಎಂದು ರೈತ ಕೇಳಿದಾಗ ಟರ್ನರ್ ಅವನನ್ನೇ ಗದರಿದ. ಕೊನೆಗೆ ಕಂಬಗಳ ತಲೆ ಮೇಲೆ ದೊಡ್ಡ ದುಂಡನೆ ಬಾನಿ ಕೂತಿತು, ನಡುವಿನ ಗುಂಡಿಯಿಂದ ಕೊಳಾಯಿ ಹತ್ತಿತು. ಅಲ್ಲಿ ಬರಲಿದ್ದ ಕ್ವಾರ್ಟರ್ಸಿನ ನೀರಿನ ಟ್ಯಾಂಕು! ಪಂಡಿತರು ಎರಡು ದಿನ ಟೀ ಅಂಗಡಿಗೆ ಬರಲಿಲ್ಲ. ಮೂರನೇ ದಿನ ಟರ್ನರ್ ಬಂದು, "ಟ್ಯಾಂಕಿನ ಮ್ಯಾಲೆ ಇಡ್ತಾರೆ ಕಣ್ಲಾ ರಾಟೇನ, ಗಾಳಿ ಚೆನ್ನಾಗಿರ್ತದೆ" ಎಂದ. ನಾನು ಟೀ ಮೂಗಿಗೆ ಹತ್ತುವ ಹಾಗೆ ನಕ್ಕೆ.

ಆ ನಗುವನ್ನು ಮನೆತನಕ ಹೊತ್ತುಕೊಂಡು ಹೋದೆ. ಅವ್ವ ಜಗಲಿಯಲ್ಲಿ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದಳು. ಟೇಪು ಹಿಡಿದದ್ದು, ಗುಂಡಿಗೆ ಇಳಿದದ್ದು, ಟ್ಯಾಂಕಿನ ಮೇಲೆ ರಾಟೆ ಕೂರಿಸಿದ್ದು, ಎಲ್ಲವನ್ನೂ ಅಭಿನಯ ಮಾಡಿ ಹೇಳಿದೆ. "ಇಂಥ ದಡ್ಡರನ್ನ ಎಲ್ಲೂ ನೋಡ್ಲಿಲ್ಲ ಅವ್ವ. ನಂಗೆ ಮೊದ್ಲೇ ಗೊತ್ತಿತ್ತು, ಅಲ್ಲಿ ರಾಟೆಯೂ ಇಲ್ಲ, ಏನೂ ಇಲ್ಲ ಅಂತ" ಎಂದೆ.

ಅವ್ವನ ಕೈಯಲ್ಲಿ ಮೊರ ನಿಂತಿತು.

"ನಿಂಗೆ ಮೊದ್ಲೇ ಗೊತ್ತಿತ್ತಾ?"

ಆಗ ನನಗೆ ರಾಟೆಯ ಕೆಳಗೆ ನಿಂತು ಅವಳಿಗೆ ನಾನು ಹೇಳಿದ್ದು ನೆನಪಾಯಿತು.

"ನೀನು ಆವತ್ತೇ ಹತ್ತಲ್ಲ ಅಂದಿದ್ರೆ ಪಕ್ಕದ ಮನೆಯೋಳ ಜತೆ ಹತ್ತಿ ಬತ್ತಿದ್ದೆ ಕಣಪ್ಪ" ಎಂದಳು ಅವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. "ಅವ್ಳು ಕರೆದ್ಲು. ನನ್ನ ಮಗ ಕರ್ಕೊಂಡು ಹೋಯ್ತಾನೆ ಅಂತ ನಾನೇ ಒಲ್ಲೆ ಅಂದೆ."

ಮತ್ತೆ ರಾಗಿ ಕೇರತೊಡಗಿದಳು. ಟೀ ಅಂಗಡಿಯ ಮೂವರೂ ದಡ್ಡರೇ, ಈಗಲೂ ಹಾಗೇ ಹೇಳುತ್ತೇನೆ. ಆದರೆ ಅವರು ತಾವು ನಂಬಿದ್ದನ್ನು ಹೇಳಿದ್ದರು.