ಚಂಪಾಬಾಯಿ ಕೇಳುತ್ತಿದ್ದ ನೀರು

ಚಂಪಾಬಾಯಿ ಯಾರ ಮನೆಗೆ ಹೋದರೂ ಮೊದಲು ನೀರು ಕೇಳುತ್ತಿದ್ದರು. ಬಾಯಾರಿಕೆ ಇರಲಿ, ಬಿಡಲಿ, ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ನೆಲದ ಮೇಲೆ ಕೂತು, "ಒಂದ್ ಗುಟುಕ ನೀರ ಕೊಡ್ರವ್ವಾ" ಎನ್ನುವರು. ತಂಬಿಗೆ ಬಂದು, ನೀರು ಗಂಟಲಿಗಿಳಿದು, ತಂಬಿಗೆ ಕೆಳಗಿಟ್ಟ ಮೇಲೆಯೇ ಅರ್ಜಿಯ ಕಾಗದ ಚೀಲದಿಂದ ಹೊರಬರುವುದು. ಏಪ್ರಿಲ್ ಬಿಸಿಲಿನಲ್ಲಿ ಒಂದೇ ಬೆಳಗು ಹನ್ನೊಂದು ಮನೆಗಳ ನೀರು ಕುಡಿದದ್ದನ್ನು ನಾನೇ ಕಂಡಿದ್ದೇನೆ. ಹನ್ನೆರಡನೆಯ ಮನೆಯಲ್ಲೂ ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಹೊರಗೆ ಬಂದ ಮೇಲೆ ಸರಿಯಾಗಿ ಬೈಸಿಕೊಂಡೆ.

"ನೀರ ಕುಡಿಯೂದು ನೀರಿನ ಸಲುವಾಗಿ ಅಲ್ಲ ತಂಗಿ. ಯಾರ ತಂದ್ರು ಅದನ್ನ ನೋಡು. ಸೊಸಿ ತಂದ್ಳೋ, ಮುದುಕಿ ಎದ್ದು ತಂದ್ಳೋ. ಕೊಡದಾಗಿಂದ ತಂದ್ರೋ, ಮಗ್ಗಲ ಮನಿಯಿಂದ ಇಸಕೊಂಡ ಬಂದ್ರೋ. ಕೇಳಿದ್ರ ಮಂದಿ ಸುಳ್ಳ ಹೇಳ್ತಾರ. ನೀರ ಕೊಡೂವಾಗ ಯಾರೂ ಸುಳ್ಳ ಹೇಳೂದಿಲ್ಲ."

ಆ ಹನ್ನೆರಡನೆಯ ಮನೆಯಲ್ಲಿ ಮಗಳು ಶಾಲೆಗೆ ಹೋಗುತ್ತಾಳೆ ಎಂದು ತಾಯಿ ಬೇರೊಂದು ಅರ್ಜಿಯಲ್ಲಿ ಬರೆಸಲು ಹೊರಟಿದ್ದಳು. ನೀರು ತಂದವಳು ಆ ಮಗಳೇ. ಸಮಯ ಹನ್ನೊಂದೂವರೆ, ಶಾಲೆಯ ಹೊತ್ತು, ಪಾತ್ರೆಯ ಸೋಪಿಗೆ ಅವಳ ಬೆರಳುಗಳೆಲ್ಲ ಬಿರಿದಿದ್ದವು. ಚಂಪಾಬಾಯಿ ತಾಯಿ ಕೇಳಿದ ಅರ್ಜಿಯನ್ನು ಚೀಲಕ್ಕೆ ಹಾಕಿ ಶಾಲೆಗೆ ಸೇರಿಸುವ ಅರ್ಜಿಯನ್ನು ತೆಗೆದು ಬರೆಯತೊಡಗಿದರು. ಪೆನ್ನನ್ನು ಯಾರೂ ಒಯ್ಯದಂತೆ ಚೀಲದ ಹಿಡಿಕೆಗೆ ದಾರದಿಂದ ಕಟ್ಟಿರುತ್ತಿದ್ದರು, ಹಾಗಾಗಿ ಅವರು ಬರೆಯುವಾಗ ಚೀಲವೂ ಜೊತೆಗೇ ಅಲುಗಾಡುತ್ತಿತ್ತು.

ನಾನು ಪಾಲಿಕೆಯ ಒಂದು ವಾರ್ಡ್ ಕಚೇರಿಯಲ್ಲಿ ಟೈಪಿಂಗ್ ಮಾಡುವವಳು. ಅಪ್ಪ ಇಂಡಿ ಕಡೆಯಿಂದ ಬಂದು ಪುಣೆಯ ಧಾನ್ಯದ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು, ನಾನು ಹುಟ್ಟಿದ್ದು ಬೆಳೆದದ್ದು ಬಿಬವೇವಾಡಿಯಲ್ಲೇ. ಚಂಪಾಬಾಯಿ ಅದೇ ಕಚೇರಿಯ ಸಮಾಜ ವಿಭಾಗದ ಸಂಘಟಿಕೆ. ಹೆಸರು ದೊಡ್ಡದು, ಸಂಬಳವಿಲ್ಲ, ತಿಂಗಳಿಗಿಷ್ಟು ಗೌರವಧನ, ಆರು ತಿಂಗಳಿಗೊಮ್ಮೆ ಹೊಸ ಕರಾರು. ಗುಡ್ಡದ ಇಳಿಜಾರಿನ, ತಗಡಿನ ಮನೆಗಳ ವಸ್ತಿಯೊಂದು ಅವರ ಪಾಲಿಗಿತ್ತು. ಅಲ್ಲಿ ಅರ್ಧಕ್ಕರ್ಧ ನಮ್ಮ ಕಡೆಯವರೇ, ಸಿಂದಗಿ, ಅಫಜಲಪುರ, ಯಾದಗಿರಿಯಿಂದ ಬಂದವರು. ಕನ್ನಡದವರಿಗೂ ಮರಾಠಿಯವರಿಗೂ ಆಕೆ ಮಾವಶಿ, ಅಂದರೆ ಚಿಕ್ಕಮ್ಮ. ನಮ್ಮವ್ವನಿಗೆ ಮಾತ್ರ ಆಕೆಯ ಮೇಲೆ ಅಸಮಾಧಾನ. "ಕಂಡಕಂಡವರ ಮನಿ ನೀರ ಕುಡೀತಾಳ, ಜಾತಿಗೀತಿ ಏನೂ ಇಲ್ಲೇನು" ಎಂದು ಗೊಣಗುವಳು. ಅದನ್ನು ಚಂಪಾಬಾಯಿಗೆ ಹೇಳಿದೆ. ಮರುದಿನವೇ ನಮ್ಮ ಮನೆಗೆ ಬಂದು ಅವ್ವನ ಹತ್ತಿರವೂ ನೀರು ಕೇಳಿ ಕುಡಿದು ಹೋದರು.

ವಸ್ತಿಯಲ್ಲಿ ಅವರು ಕಟ್ಟಿ ನಿಲ್ಲಿಸಿದ್ದ ಒಂದೇ ಒಂದು ಸಂಗತಿಯೆಂದರೆ ಪಾಳಣಾಘರ, ಕೂಸುಗಳನ್ನು ನೋಡಿಕೊಳ್ಳುವ ಜಾಗ. ಒಂದು ಉದ್ದನೆಯ ಖೋಲಿ, ಒಬ್ಬಳು ಆಯಾ, ಮಧ್ಯಾಹ್ನದ ಖಿಚಡಿ, ಕೆಲಸಕ್ಕೆ ಹೋಗುವ ತಾಯಂದಿರ ಇಪ್ಪತ್ತೆರಡು ಕೂಸುಗಳು. ಬಾಡಿಗೆ, ಆಯಾಳ ಪಗಾರ, ಅಕ್ಕಿ ಬೇಳೆ ಎಲ್ಲವೂ ಪಾಲಿಕೆಯ ಅನುದಾನದಿಂದ. ಇಪ್ಪತ್ತೆರಡು ಹೆಂಗಸರು ಬೆಳಿಗ್ಗೆ ಏಳಕ್ಕೆ ಕೂಸನ್ನು ಅಲ್ಲಿ ಬಿಟ್ಟು ಇಳಿಜಾರು ಇಳಿದು, ಯಾರದೋ ಫ್ಲ್ಯಾಟಿನ ಪಾತ್ರೆಗೋ, ಕಟ್ಟಡದ ಇಟ್ಟಿಗೆಗೋ, ಆಫೀಸಿನ ನೆಲ ಒರೆಸುವುದಕ್ಕೋ ಹೋಗುತ್ತಿದ್ದರು. ಖೋಲಿಗೆ ಬೀಗ ಬಿದ್ದರೆ ಅವರ ಕೆಲಸಕ್ಕೂ ಬೀಗ.

ಮೂರು ವರ್ಷದ ಹಿಂದಿನ ಮಾರ್ಚ್‌ನಲ್ಲಿ ಆ ಬೀಗ ಹತ್ತಿರ ಬಂತು. ಬಜೆಟ್ಟಿನಲ್ಲಿ ಇಂಥ ಚಿಕ್ಕ ಕೇಂದ್ರಗಳ ತರತೂದು, ಅಂದರೆ ತೆಗೆದಿಟ್ಟ ಹಣ, ಕಡಿಮೆಯಾಗಿದೆ, ನಿಜವಾಗಿ ಗರಜು ಇರುವ ಕಡೆ ಮಾತ್ರ ಮುಂದುವರಿಸಬೇಕು ಎಂಬ ಕಾಗದ ಮೇಲಿನಿಂದ ಬಂದಿತ್ತು. ಒಬ್ಬ ಸಾಹೇಬರು ಬಂದು ನೋಡಿ ಬರೆಯುತ್ತಾರೆ, ಬೇಡ ಎಂದು ಬರೆದರೆ ಏಪ್ರಿಲ್‌ನಿಂದ ಬಂದ್. ಸಾಹೇಬರು ಬರುವ ದಿನದ ಕಾಗದ ಟೈಪ್ ಮಾಡಿದವಳು ನಾನು. ಚಂಪಾಬಾಯಿ ಓದಿ ನನ್ನ ಕೈಹಿಡಿದು, ಈ ದಿನಾಂಕ ವಸ್ತಿಯಲ್ಲಿ ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿದಂತೆ ಹೇಳಿದರು.

ನಾನು ಹೇಳಿದೆ. ಒಬ್ಬಳಿಗೇ, ಆಯಾಗೆ. ಸಾಹೇಬರು ಬರುವಾಗ ಕೂಸುಗಳು ಸಿಂಬಳ ಸುರಿಸಿಕೊಂಡು ಕೂತಿದ್ದರೆ ಚಂದವೇ, ಸ್ವಲ್ಪ ಸ್ವಚ್ಛವಾಗಿರಲಿ ಎಂದೆ. ನನ್ನ ಬುದ್ಧಿಗೆ ಅದು ಉಪಕಾರವೆಂದೇ ತೋರಿತ್ತು. ಇವತ್ತಿಗೂ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅಂದು ಹತ್ತು ಗಂಟೆಗೆ ಸಾಹೇಬರ ಹಿಂದೆ ಫೈಲು ಹಿಡಿದು ನಾನೂ ಮೇಲೆ ಹತ್ತಿದೆ. ಖೋಲಿಯ ಬಾಗಿಲಲ್ಲಿ ನಿಂತ ಚಂಪಾಬಾಯಿಯ ಮುಖ ಕಂಡೊಡನೆ ಏನೋ ಕೆಟ್ಟಿದೆ ಎಂದು ತಿಳಿಯಿತು. ಒಳಗೆ ಕೂಸುಗಳು ಸಾಲಾಗಿ ಕೂತಿದ್ದವು. ಪೌಡರು, ಕಾಡಿಗೆ, ಜರಿಯ ಫ್ರಾಕು, ಕಾಲಿಗೆ ದೊಡ್ಡದಾದ ಬೂಟು. ಒಬ್ಬನಿಗೆ ಮದುವೆ ಮನೆಯ ಶೇರವಾನಿ. ಗೋಡೆಗುಂಟ ಅವರ ತಾಯಂದಿರು, ಅವರೂ ಪೆಟ್ಟಿಗೆಯ ಸೀರೆ ಉಟ್ಟು, ತಲೆಗೆ ಹೂ ಮುಡಿದು ಕೈಮುಗಿದು ನಿಂತಿದ್ದರು. ದೊಡ್ಡವರು ಮನೆಗೆ ಬಂದಾಗ ಹಳೆಯ ಬಟ್ಟೆಯಲ್ಲಿ ಎದುರಾಗುವುದು ಅಪಮಾನ, ಅದು ನಮ್ಮ ಕಡೆಯ ರೀತಿ. ಕೂಸನ್ನು ಬಿಟ್ಟು ಕೆಲಸಕ್ಕೆ ಹೋದರೆ ಸಾಹೇಬರಿಗೆ ಅಗೌರವವೆಂದು ಎಲ್ಲರೂ ಸೂಟಿ ತೆಗೆದುಕೊಂಡಿದ್ದರು.

ಸಾಹೇಬರು ಕೆಟ್ಟವರಲ್ಲ. ಕಂಡದ್ದನ್ನೇ ಕೇಳಿದರು. ತಾಯಂದಿರೆಲ್ಲ ಮನೆಯಲ್ಲೇ ಇದ್ದಾರಲ್ಲ, ಹಾಗಾದರೆ ಈ ಪಾಳಣಾಘರ ಯಾರಿಗೆ? ಇವತ್ತು ರಜೆ ಹಾಕಿದ್ದೇವೆ ಎಂದು ಹೆಂಗಸರು ಮರಾಠಿಯಲ್ಲಿ ತೊದಲಿದರೆ, ಎಲ್ಲರಿಗೂ ಒಂದೇ ದಿನ ರಜೆಯೇ ಎಂದು ನಕ್ಕರು. ಆಯಾ ಬಾಟಲಿ ನೀರು ಮುಂದೆ ಹಿಡಿದಳು, ಬೇಡವೆಂದು ಕೈಯಾಡಿಸಿ ಬರೆಯತೊಡಗಿದರು. ನಾನು ಪಕ್ಕದಲ್ಲೇ ನಿಂತಿದ್ದೆ. "ಗರಜ ದಿಸತ ನಾಹೀ" ಎಂಬ ಸಾಲು ನನ್ನ ಕಣ್ಣೆದುರೇ ಕಾಗದಕ್ಕೆ ಇಳಿಯಿತು. ಇಲ್ಲಿ ಅಗತ್ಯ ಕಾಣುವುದಿಲ್ಲ. ಇನ್ನು ಕೆಳಗೆ ಎರಡು ಸಹಿ ಬೀಳಬೇಕಿತ್ತು, ಅವರದು ಮತ್ತು ಸಂಘಟಿಕೆಯದು.

ಚಂಪಾಬಾಯಿ ಸಹಿ ಮಾಡುವ ಬದಲು ಹಾಜರಿ ಪುಸ್ತಕ ತೆಗೆದು ಒಂದೊಂದೇ ಹೆಸರು ಕರೆಯತೊಡಗಿದರು. ಸಾಹೇಬರು ಗಡಿಯಾರ ನೋಡಿಕೊಂಡರು. ಇಪ್ಪತ್ತೊಂದು ಹೆಸರಿಗೆ ಓ ಬಂತು. ಅಂಬಿಕಾ ಎಂದಾಗ ಯಾರೂ ಮಾತಾಡಲಿಲ್ಲ. ಮೂರು ವರ್ಷದ ಹುಡುಗಿ ಅದು, ಮಹಾದೇವಿಯ ಮಗಳು. ಆ ಮಹಾದೇವಿ ಮಗರಪಟ್ಟಾದ ಯಾವುದೋ ಆಫೀಸಿನಲ್ಲಿ ಕಸ ಗುಡಿಸುವ ಕೆಲಸಕ್ಕೆ ಎರಡು ಬಸ್ಸು ಬದಲಿಸಿ ಹೋಗುವವಳು. ಒಬ್ಬ ಹೆಂಗಸು ತಲೆತಗ್ಗಿಸಿ ಬಾಯಿಬಿಟ್ಟಳು. ನಿನ್ನೆ ಸಂಜೆ ಮಹಾದೇವಿ ಮನೆಮನೆ ತಿರುಗಿ ಒಂದು ಫ್ರಾಕು ಕೇಳಿದ್ದಳಂತೆ. ಸಿಗಲಿಲ್ಲ, ಸೂಟಿಯೂ ಸಿಗಲಿಲ್ಲ. ನನ್ನ ಕೂಸಿನ ಹರಕು ಅಂಗಿಯಿಂದ ಎಲ್ಲರ ಹೆಸರು ಕೆಡುವುದು ಬೇಡ ಎಂದು ಮನೆಯಲ್ಲೇ ಬಿಟ್ಟು ಬೀಗ ಹಾಕಿಕೊಂಡು ಹೋಗಿದ್ದಾಳೆ.

ಚಂಪಾಬಾಯಿ ಪುಸ್ತಕ ಮುಚ್ಚಿ ಎದ್ದರು. ಸಾಹೇಬರು ಸಹಿಗೆಂದು ಕಾಗದ ಚಾಚಿದರು.

"ಸಹಿ ಆಮ್ಯಾಲ. ಮೊದಲ ಕೂಸು" ಎಂದು ಕನ್ನಡದಲ್ಲೇ ಹೇಳಿ ಹೊರನಡೆದರು. ಆ ಹೊತ್ತಿನಲ್ಲಿ ಅವರಿಗೆ ಮರಾಠಿ ನೆನಪಿಗೆ ಬಂದಿರಲಿಲ್ಲ. ಆ ಸಹಿಯಿಲ್ಲದೆ ಕಾಗದ ಪೂರ್ತಿಯಾಗದು, ಹಾಗಾಗಿ ಸಾಹೇಬರೂ ಗೊಣಗುತ್ತ ಹಿಂದೆ ಬಂದರು.

ಮಹಾದೇವಿಯ ಮನೆ ಎಲ್ಲಕ್ಕಿಂತ ಮೇಲಿನ ಓಣಿಯಲ್ಲಿ. ತಗಡಿನ ಬಾಗಿಲು, ಅದಕ್ಕೊಂದು ಬೀಗ, ಕಿಟಕಿಯಿಲ್ಲ. ಬಾಗಿಲ ಕೆಳಗೆ ನಾಲ್ಕು ಬೆರಳು ಸಂದಿ. ಚಂಪಾಬಾಯಿ ಕರೆದರು. ಉತ್ತರವಿಲ್ಲ. ಇನ್ನೊಮ್ಮೆ ಕರೆದರು. ಒಳಗೆ ಗ್ಯಾಸಿನ ಒಲೆ ನೆಲದ ಮೇಲೇ ಇದೆ ಎಂದು ಪಕ್ಕದವಳು ಹೇಳಿದಳು. ನಾನು ಮಹಾದೇವಿಗೆ ಫೋನು ಹಚ್ಚಿದೆ, ಬಂದ್ ಇತ್ತು. ಪಾಳಿ ಮುಗಿಯುವವರೆಗೆ ಅವರ ಫೋನುಗಳು ಅಲ್ಲಿನ ಕಾವಲುಗಾರನ ಹತ್ತಿರ ಇರುತ್ತವಂತೆ. ಬೀಗ ಒಡೆಯಲು ಸುತ್ತಿಗೆ ತರಲು ಯಾರೋ ಓಡಿದರು. ಆಗ ಒಳಗೆ ಏನೋ ಉರುಳಿದ ಸದ್ದಾಯಿತು, ಮತ್ತೆ ಸುಮ್ಮನಾಯಿತು. ಸಾಹೇಬರು ತಾವೇ ಬಾಗಿಲು ಬಡಿಯಲು ಹೋದರು. ಚಂಪಾಬಾಯಿ ಅವರ ಕೈ ಹಿಡಿದು ತಡೆದರು. ಬಡಿದರೆ ಕೂಸು ಹೆದರಿ ಒಲೆಯ ಕಡೆಗೋ ಮತ್ತೆಲ್ಲಿಗೋ ಓಡುತ್ತದೆ.

ಅವರು ಹೊಸ್ತಿಲ ಬಳಿ ನೆಲದ ಮೇಲೆ ಕೂತರು. ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು. ದಿನಾ ಕೇಳುವ ದನಿಯಲ್ಲೇ ಕೇಳಿದರು.

"ಅಂಬೀ, ಮಾವಶಿ ಬಂದೀನವ್ವಾ. ಒಂದ್ ಗುಟುಕ ನೀರ ಕೊಡ."

ಒಳಗೆ ಪುಟ್ಟ ಹೆಜ್ಜೆಗಳ ಸಪ್ಪಳ. ಕೊಡದ ಮುಚ್ಚಳ ಸರಿದದ್ದು ಕೇಳಿಸಿತು. ಆಮೇಲೆ ತಂಬಿಗೆ ಬಾಗಿಲ ತಗಡಿಗೆ ಟಣ್ ಎಂದು ಬಡಿಯಿತು. ಸಂದಿಯಲ್ಲಿ ಅದು ಹಿಡಿಸಲಿಲ್ಲ. ಕೊನೆಗೆ ಸಂದಿಯ ಕೆಳಗಿಂದ ಒಂದು ಸ್ಟೀಲಿನ ವಾಟಿ, ಗಿಡ್ಡ ಬಟ್ಟಲು, ತೆವಳಿಕೊಂಡು ಬಂತು, ಅರ್ಧ ಚೆಲ್ಲಿತ್ತು, ಹಿಂದೆಯೇ ಎರಡು ಒದ್ದೆ ಬೆರಳು. ಚಂಪಾಬಾಯಿ ಆ ನೀರು ಕುಡಿದು ವಾಟಿಯನ್ನು ಹಿಂದಕ್ಕೆ ತಳ್ಳಿದರು. "ನಿಮ್ಮ ಮನ್ಯಾಗ ಇನ್ನೂ ಮಂದಿ ಬಂದಾರಲ್ಲ, ಅವ್ರಿಗೂ ಕೊಡ." ವಾಟಿ ಮತ್ತೆ ಬಂತು, ನನಗೆ. ಮತ್ತೊಂದು ಪಕ್ಕದವಳಿಗೆ. ಕೂಸು ಕೊಡಕ್ಕೂ ಬಾಗಿಲಿಗೂ ಓಡಾಡುತ್ತ ಒಲೆಯನ್ನೂ ಅಂಜಿಕೆಯನ್ನೂ ಮರೆತಿತ್ತು. ನಾಲ್ಕನೆಯದನ್ನು ಚಂಪಾಬಾಯಿ ಸಾಹೇಬರ ಕಡೆ ಹಿಡಿದರು. ಅವರು ಬಗ್ಗಿ ತೆಗೆದುಕೊಂಡು ಕುಡಿದರು.

ಸುತ್ತಿಗೆ ಬಂದು ಚಿಲಕ ಕಿತ್ತಿತು. ತೋಳು ಹರಿದ ಅಂಗಿಯಲ್ಲಿ ಅಂಬಿ ವಾಟಿ ಹಿಡಿದು ನಿಂತಿದ್ದಳು. ನಮ್ಮನ್ನೆಲ್ಲ ನೋಡಿ, "ಇನ್ನ ಯಾರಿಗ?" ಎಂದು ಕೇಳಿದಳು.

ಖೋಲಿಗೆ ಮರಳಿದ ಮೇಲೆ ಸಾಹೇಬರು ಬರೆದದ್ದನ್ನು ಹೊಡೆದುಹಾಕಿದರು. ಆದರೆ ಹೊಸದನ್ನು ಬರೆಯುವ ಮೊದಲು ನನ್ನ ಕೈಯ ಫೈಲು ತೆಗೆದುಕೊಂಡು ಲೆಕ್ಕ ಹಾಕಿದರು. ಇರುವ ತರತೂದಿನಲ್ಲಿ ಎಲ್ಲವೂ ಆಗದು, ಖೋಲಿ ಮತ್ತು ಆಯಾ ಉಳಿಯಬೇಕೆಂದರೆ ಸಂಘಟಿಕೆಯ ಗೌರವಧನ ಬಿಡಬೇಕಾಗುತ್ತದೆ ಎಂದು ಅವರು ಚಂಪಾಬಾಯಿಯ ಮುಖ ನೋಡದೆ ಹೇಳಿದರು. ಚಂಪಾಬಾಯಿ ಚೀಲ ಅಲುಗಾಡಿಸುತ್ತ ಸಹಿ ಹಾಕಿದರು. "ನಾ ಹ್ಯಾಂಗರ ತಿಂತೀನ್ರಿ. ಖೋಲಿ ಇರಲಿ" ಎಂದರು.

ಕೆಳಗಿಳಿಯುವಾಗ, ಸುದ್ದಿ ಹೇಳಿದವಳು ನಾನೇ ಎಂದು ಒಪ್ಪಿಕೊಂಡೆ. ಬೈಯಲಿ ಎಂದು ಕಾದೆ. ಅವರು ಬೈಯಲಿಲ್ಲ, ಅದೇ ಹೆಚ್ಚು ನೋಯಿಸಿತು.

"ಗೊತ್ತದ ತಂಗಿ. ಆಫೀಸಿನ ಸುದ್ದಿ ಆಫೀಸಿನಿಂದನ ಬರ್ತದ. ಅವ್ರು ಇದ್ದಂಗ ಇದ್ರ ಸಾಕಾಗಿತ್ತು. ಇದ್ದಂಗ ಇರೂದಕ್ಕ ನಾವ ಅವ್ರಿಗೆ ನಾಚಿಕಿ ಹಚ್ಚಿದ್ವಿ." ನಾವು ಎಂದರು, ನೀನು ಎನ್ನಲಿಲ್ಲ.

ಆ ಮೇಲೆ ಅವರು ಹಡಪಸರದಲ್ಲಿ ಒಬ್ಬರ ಮನೆಗೆ ಅಡುಗೆಗೆ ಹೋಗತೊಡಗಿದರು. ಆದರೂ ಪ್ರತಿ ಶನಿವಾರ ಮಧ್ಯಾಹ್ನ, ಕರಾರಿಲ್ಲದೆ, ಪಗಾರಿಲ್ಲದೆ ಚೀಲ ಹೆಗಲಿಗೇರಿಸಿ ಖೋಲಿಗೆ ಬರುತ್ತಿದ್ದರು. ನಾನೂ ಕಚೇರಿಯಿಂದ ಜೊತೆಗೂಡುತ್ತಿದ್ದೆ. ಹೊಸ್ತಿಲ ಬಳಿ ಇಬ್ಬರೂ ಕೂತರೆ ಅಂಬಿ ಎರಡು ವಾಟಿ ನೀರು ತರುವಳು. ಶಾಲೆಗೆ ಸೇರಿದ ಮೇಲೂ ಶನಿವಾರ ತಪ್ಪಿಸಲಿಲ್ಲ, ಬೇರೆ ಯಾರಿಗೂ ಆ ಕೆಲಸ ಬಿಡಲೂ ಇಲ್ಲ. ಚಂಪಾಬಾಯಿ ಮೊದಲು ನೀರನ್ನು ನೋಡುವರು, ಆಮೇಲೆ ಅಂಬಿಯ ಕೈಯನ್ನು ನೋಡುವರು, ಆಮೇಲೆ ಕುಡಿಯುವರು.

ಈ ಫೆಬ್ರವರಿಯಲ್ಲಿ ಅಡುಗೆಮನೆಯಲ್ಲೇ ಕುಸಿದರಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಅವರ ಅಕ್ಕನ ಮಗಳು ಚೀಲವನ್ನು ನನಗೆ ಕೊಟ್ಟಳು, ದಾರದಲ್ಲಿ ಪೆನ್ನು ಹಾಗೆಯೇ ಇತ್ತು.

ಈಗ ಮತ್ತೆ ಮಾರ್ಚ್. ಸಾಹೇಬರು ಬದಲಾಗಿದ್ದಾರೆ, ಪರಿಶೀಲನೆಯ ಕಾಗದ ಮತ್ತೆ ಬಂದಿದೆ, ಸಾಹೇಬರು ಬರುವ ದಿನದ ಕಾಗದ ಟೈಪ್ ಮಾಡಿದವಳು ಮತ್ತೆ ನಾನೇ. ದಿನಾಂಕ ನನಗೆ ಗೊತ್ತಿದೆ. ನಾಲಿಗೆ ಎಷ್ಟು ಸಲ ತುರಿಸಿದರೂ ಯಾರಿಗೂ ಹೇಳಿಲ್ಲ. ನಿನ್ನೆ ಶನಿವಾರ, ಚಂಪಾಬಾಯಿ ಹೋದ ಮೇಲೆ ಮೊದಲ ಸಲ, ಆ ಚೀಲ ಹಾಕಿಕೊಂಡು ಒಬ್ಬಳೇ ಖೋಲಿಗೆ ಹತ್ತಿದೆ. ಕೂಸುಗಳು ಸಿಂಬಳ ಸುರಿಸಿಕೊಂಡು ಮಲಗಿದ್ದವು, ತಾಯಂದಿರೆಲ್ಲ ಕೆಲಸಕ್ಕೆ ಹೋಗಿದ್ದರು. ನಾನು ಹೊಸ್ತಿಲ ಬಳಿ ಕೂತು ನೀರು ಕೇಳಿದೆ.

ಅಂಬಿ ಎರಡು ವಾಟಿ ತಂದಳು. ಒಂದನ್ನು ನನ್ನ ಮುಂದಿಟ್ಟು, ಇನ್ನೊಂದನ್ನು ಹಿಡಿದುಕೊಂಡೇ ಓಣಿಯ ಕೆಳಗಿನ ತಿರುವಿನ ಕಡೆ ನೋಡುತ್ತ ನಿಂತಳು. ಮಾವಶಿ ಇನ್ನು ಬರುವುದಿಲ್ಲವೆಂದು ಅವಳಿಗೆ ಹೇಗೆ ಹೇಳುವುದೆಂದು ತಿಳಿಯದೆ ನಾನು ನನ್ನದನ್ನು ಕುಡಿದೆ, ಅವಳ ಕೈಯಿಂದ ಅದನ್ನೂ ಇಸಿದುಕೊಂಡು ಕುಡಿದೆ.